ಕರೆದ ತಪ್ಪಿಗೆ ಒಂದು ರೊಟ್ಟಿ

ಒಬ್ಬಳೇ ಸಿಡ್ನಿ ನೋಡಲು ಹೋದವಳು ಫೆರಿ ದೋಣಿಯಲ್ಲಿ ಬುತ್ತಿ ಬಿಚ್ಚಿದೆ. ಇದ್ದದ್ದು ಎರಡೇ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ನಮ್ಮ ಧಾರವಾಡದ ರೂಢಿಯಂತೆ, ಕಿಟಕಿ ಪಕ್ಕ ಕೂತಿದ್ದ ಆಸ್ಟ್ರೇಲಿಯಾದ ಅಜ್ಜಿಯನ್ನೂ ಊಟಕ್ಕೆ ಬನ್ನಿ ಎಂದು ಇಂಗ್ಲಿಷಿನಲ್ಲಿ ಕರೆದೆ. ಊರಲ್ಲಾದರೆ “ಆಗ್ಲಿ, ನೀವು ಮಾಡ್ರಿ” ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಈ ಅಜ್ಜಿ “ಓ, ಲವ್ಲಿ” ಎಂದು ಒಂದು ರೊಟ್ಟಿ ಎತ್ತಿಕೊಂಡೇಬಿಟ್ಟರು. ಹಸಿದಿದ್ದ ನನಗೆ ಒಳಗೊಳಗೇ ಸಿಟ್ಟು ಬಂತು. ಅವರು ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಲೇ ಪೂರ್ತಿ ತಿಂದರು. ಆಮೇಲೆ ಎದ್ದು, ಒಪೆರಾ ಹೌಸ್ ಚೆನ್ನಾಗಿ ಕಾಣುವ ತಮ್ಮ ಸೀಟಿನಲ್ಲಿ ನನ್ನನ್ನು ಕೂರಿಸಿದರು.

ಮೆಲ್ಬರ್ನ್‌ಗೆ ಓದಲು ಬಂದು ಐದು ತಿಂಗಳಾಗಿದ್ದರೂ ನಾನು ಯಾರ ಜೊತೆಗೂ ಕೂತು ಉಂಡಿರಲಿಲ್ಲ. ಈಗ ಕಾಲೇಜಿಗೆ ನಾಲ್ಕು ರೊಟ್ಟಿ ಕಟ್ಟಿಕೊಂಡು ಹೋಗುತ್ತೇನೆ. ಕರೆದರೆ ಯಾರಾದರೂ ಬಂದಾರು.