ಮೊಟ್ಟೆ ರೇಟು ಹೇಳುತ್ತಿದ್ದ ಪಂಡಿತ

ಚಂದ್ರಾ ಲೇಔಟಿನ ನಮ್ಮ ಮನೆಯ ಅಟ್ಟ ಗುಡಿಸುವಾಗ ಮೊನ್ನೆ ಮೊಟ್ಟೆ ಇಡುವ ಹಳೆಯ ರಟ್ಟಿನ ಟ್ರೇ ಒಂದು ಕೈಗೆ ಸಿಕ್ಕಿತು. ಮೂಸಿ ನೋಡಿದೆ. ಧೂಳು, ಹೊಟ್ಟು, ಸ್ವಲ್ಪ ಕೋಳಿಪುಕ್ಕ. ಅಂಥ ಒಳ್ಳೆಯ ವಾಸನೆಯೇನಲ್ಲ. ಆದರೆ ಇಪ್ಪತ್ತು ವರ್ಷ ಮೊಟ್ಟೆ ಮಂಡಿ ನಡೆಸಿದವನ ಮೂಗಿಗೆ ಅದೂ ಒಂದು ಪರಿಮಳವೇ.

ನನ್ನ ಓದು ಹೈಸ್ಕೂಲಿಗೇ ಮುಗಿಯಿತು. ಆದರೂ ವಿಜಯನಗರದ ಆ ಮಂಡಿಯಲ್ಲಿ ನಾನೊಬ್ಬ ಪಂಡಿತ. ಕರಿಹಲಗೆಯ ಮೇಲೆ ದಿನದ ರೇಟು ಬರೆದು, ನಾಳೆ ಏರುತ್ತದೋ ಇಳಿಯುತ್ತದೋ ಅಂತ ಪಕ್ಕದಲ್ಲೊಂದು ಬಾಣ ಹಾಕುತ್ತಿದ್ದೆ. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಶ್ರಾವಣ ಬಂದರೆ ಎಷ್ಟೋ ಮನೆಗಳಲ್ಲಿ ಮೊಟ್ಟೆ ಬಿಡುತ್ತಾರೆ, ರೇಟು ಬೀಳುತ್ತದೆ. ಚಳಿ ಬಂತು, ಕೇಕಿನ ಕಾಲ ಬಂತು, ಏರುತ್ತದೆ. ಮೇವಿನ ಮೆಕ್ಕೆಜೋಳ ತುಟ್ಟಿಯಾದರೆ ಕೋಳಿ ಸಾಕುವವರು ಕಡಿಮೆಯಾಗುತ್ತಾರೆ, ಆಗಲೂ ಏರುತ್ತದೆ. ಇಷ್ಟನ್ನೇ ಗಂಭೀರವಾಗಿ ಹೇಳಿದರೆ ಜನ ತಲೆದೂಗುತ್ತಿದ್ದರು. ನನ್ನ ಹೆಂಡತಿ ಮಾತ್ರ, "ಮನೇಲಿ ಉಪ್ಪು ಮುಗಿದಿದ್ದು ಗೊತ್ತಾಗಲ್ಲ ಇವರಿಗೆ" ಅನ್ನುತ್ತಿದ್ದಳು.

ಹಕ್ಕಿಜ್ವರದ ಸುದ್ದಿ ಹಬ್ಬಿದ ವರ್ಷ ನಿಮಗೂ ನೆನಪಿರಬೇಕು. ನಮ್ಮ ಕಡೆಯ ಕೋಳಿಗಳು ಗಟ್ಟಿಮುಟ್ಟಾಗಿಯೇ ಇದ್ದವು, ಆದರೂ ಜನ ಮೊಟ್ಟೆ ಮುಟ್ಟಲಿಲ್ಲ. ಆಗ ಬಂದರು ಗೌರಮ್ಮ. ಶ್ರೀಗಂಧದ ಕಾವಲ್ ಬಡಾವಣೆಯ ಅಂಚಿನಲ್ಲಿ, ಸೈಟುಗಳಾಗದೆ ಉಳಿದಿದ್ದ ತುಂಡು ಜಮೀನಿನಲ್ಲಿ ಶೆಡ್ ಹಾಕಿ ಮೊಟ್ಟೆಕೋಳಿ ಸಾಕುತ್ತಿದ್ದ ಹೆಂಗಸು. ಆ ಕೋಳಿಗಳೇ ಅವರ ಮನೆಯ ಅನ್ನ.

"ಅಣ್ಣ, ಇನ್ನೆಷ್ಟು ದಿನ ಹೀಗೆ? ಕೋಳಿ ಇಟ್ಕೊಳ್ಳಲಾ, ಮಾರಿಬಿಡಲಾ?"

ನಿಮ್ಮೆದುರು ಮುಚ್ಚಿಡುವುದೇನು? ಬೇಕರಿಯವರು, ಹಾಸ್ಟೆಲಿನವರು ಆ ವಾರ ಮತ್ತೆ ಮೊಟ್ಟೆ ಕೇಳತೊಡಗಿದ್ದರು. ರೇಟು ಬೇಗ ಏಳುತ್ತದೆಂದು ನನಗೆ ಗೊತ್ತಿತ್ತು. ಕೆಂಗೇರಿಯಲ್ಲಿ ನಾನೇ ಒಂದು ಶೆಡ್ ಕಟ್ಟಿಸಿ, ಅಗ್ಗದ ಕೋಳಿಗೆ ಕಾಯುತ್ತಿದ್ದೆ.

"ಇನ್ನೊಂದು ವರ್ಷ ರೇಟು ಏಳಲ್ಲ ಕಣಮ್ಮ. ಸಿಕ್ಕಷ್ಟಕ್ಕೆ ಮಾರ್ಬಿಡಿ. ಯಾರೂ ತಗೊಳ್ಳದಿದ್ರೆ ನಾನೇ ತಗೋತೀನಿ, ಪಾಪ" ಅಂದೆ. ಸುಳ್ಳಿಗಿಂತ ಆ 'ಪಾಪ' ನನ್ನನ್ನು ಹೆಚ್ಚು ಚುಚ್ಚುತ್ತದೆ.

ಗೌರಮ್ಮ ತಲೆಯಾಡಿಸಿ ಎದ್ದರು. ಅಷ್ಟರಲ್ಲಿ ಅವರ ಕಣ್ಣು ಮಂಡಿಯ ಹಿಂಗೋಡೆಗೆ ಹೋಯಿತು. ವ್ಯಾಪಾರ ಏರಿದಾಗ ಟ್ರೇಗೆ ಬರ ಬರುತ್ತದೆಂದು ನಾನು ಖಾಲಿ ಟ್ರೇಗಳನ್ನು ಸೂರು ಮುಟ್ಟುವ ಹಾಗೆ ಪೇರಿಸಿಟ್ಟಿದ್ದೆ.

"ವರ್ಷ ಮೊಟ್ಟೆ ಹೋಗಲ್ಲ ಅಂತೀರಿ. ಇಷ್ಟೊಂದು ಟ್ರೇಲಿ ಏನಿಡ್ತೀರಣ್ಣ, ಗೋಲಿನಾ?"

ಮೊಟ್ಟೆ ಒಯ್ಯಲು ನಿಂತಿದ್ದ ಅಂಗಡಿಯವರೆಲ್ಲ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಗೌರಮ್ಮ ಅಲ್ಲಿಂದ ಸೀದಾ ಕುರುಬರಹಳ್ಳಿಯ ಬೇಕರಿಗಳನ್ನು ಸುತ್ತಿ, ಯಾರಿಗೆ ಎಷ್ಟು ಮೊಟ್ಟೆ ಬೇಕೆಂದು ತಾವೇ ಕೇಳಿಕೊಂಡು ಬಂದರಂತೆ. ಒಂದು ಕೋಳಿಯನ್ನೂ ಮಾರಲಿಲ್ಲ. ರೇಟು ಎದ್ದಾಗ ಅವರ ಗೇಟಿನ ಮುಂದೆ ಟೆಂಪೋಗಳು ಸಾಲುಗಟ್ಟಿದವು, ಅದರಲ್ಲಿ ಒಂದು ನನ್ನದೇ. ಮರುವರ್ಷ ಅಲ್ಲಿ ಎರಡನೇ ಶೆಡ್ ಎದ್ದಿತು. ನನ್ನ ಕೆಂಗೇರಿ ಶೆಡ್ಡಿನಲ್ಲಿ ಮೊಟ್ಟೆ ಇಟ್ಟಿದ್ದು ಪಾರಿವಾಳಗಳು ಮಾತ್ರ.

ಇಷ್ಟೆಲ್ಲ ನೆನಪಾದ ಮೇಲೆ ಅಟ್ಟ ಗುಡಿಸುವುದು ಅಲ್ಲಿಗೇ ನಿಂತಿತು. ನಿನ್ನೆ ಬೆಳಿಗ್ಗೆ ಗೌರಮ್ಮನವರ ಹತ್ತಿರ ಹೋಗಿ, ಅವತ್ತಿನ ಆಸೆ, ಸುಳ್ಳು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಕೋಳಿಗೆ ನೀರು ಬಿಡುತ್ತಿದ್ದರು, ನಿಲ್ಲಿಸಲಿಲ್ಲ.

"ಗೊತ್ತಿತ್ತು ಬಿಡಿ. ಅವತ್ತು ನೀವು ನಿಜ ಹೇಳಿದ್ರೆ ನಾನು ಇವತ್ತಿಗೂ ನಿಮ್ಮನ್ನೇ ಕೇಳ್ಕೊಂಡು ಕೂತಿರ್ತಿದ್ದೆ. ಈಗ ನೋಡಿ, ಸುತ್ತಮುತ್ತ ಸಾಕೋರೆಲ್ಲ ನನ್ನ ಕೇಳೋಕೆ ಬರ್ತಾರೆ." ಆಮೇಲೆ ಕೆಣಕುವ ಹಾಗೆ, "ಸರಿ, ಮುಂದಿನ ತಿಂಗಳು ರೇಟು ಹೇಗಿರುತ್ತೆ, ಹೇಳಿ ನೋಡೋಣ" ಅಂದರು.

"ಗೊತ್ತಿಲ್ಲ ಕಣಮ್ಮ" ಅಂದೆ.

ಗೌರಮ್ಮ ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡರು.

"ಈಗ ಕೂತ್ಕೊಳ್ಳಿ ಅಣ್ಣ, ಕಾಫಿ ತರ್ತೀನಿ."