ಟೈಲರ್ ಅಕ್ಕ ಕೇಳಿದ್ದು

ಇನ್ಸುಲಿನ್ ಪೆನ್ನಿಗೆ ಹೊಸ ಸೂಜಿ ಸಿಕ್ಕಿಸಿದ ಮೇಲೆ ಒಂದು ತೊಟ್ಟು ಆಚೆ ಬಿಟ್ಟು ನೋಡಬೇಕು. ಮೊನ್ನೆ ಆ ತೊಟ್ಟು ನನ್ನ ಬೆರಳ ಮೇಲೆ ಬಿತ್ತು. ಒರೆಸಿಕೊಳ್ಳುವ ಮೊದಲು ಸುಮ್ಮನೆ ಮೂಸಿದೆ. ಆಸ್ಪತ್ರೆಯ ಪಡಸಾಲೆಯನ್ನು ಆಗಷ್ಟೇ ತೊಳೆದಂಥ ವಾಸನೆ. ಒಂದು ಕಾಲದಲ್ಲಿ ನಮ್ಮ ಅಡುಗೆಮನೆಯಲ್ಲಿ ದಿನಾ ಬೆಳಿಗ್ಗೆ ಇದೇ ವಾಸನೆ ಇರುತ್ತಿತ್ತು... ಟೈಲರ್ ಅಕ್ಕನ ವಾಸನೆ.

ನಾನು ಪಾಳ್ಯಕ್ಕೆ ಸೊಸೆಯಾಗಿ ಬಂದ ಹೊಸತು. ನನ್ನ ಜೊತೆಗೆ ಬಂದ ಫ್ರಿಜ್ಜೇ ನಮ್ಮ ಬೀದಿಗೆಲ್ಲ ಮೊದಲನೆಯದು. ಅತ್ತೆ ಅದರ ನೆತ್ತಿಗೆ ಕಸೂತಿ ಬಟ್ಟೆ ಹೊದಿಸಿ, ಬಂದವರಿಗೆಲ್ಲ ಬಾಗಿಲು ತೆರೆದು ತೋರಿಸುತ್ತಿದ್ದರು. ಒಳಗೆ ಇಡಲು ಮಾತ್ರ ಹಾಲು, ಮೊಸರು ಬಿಟ್ಟು ಅವರಿಗೆ ಬೇರೇನೂ ತೋಚಿರಲಿಲ್ಲ.

ಎದುರು ಮನೆಯಲ್ಲಿ ಒಬ್ಬಳೇ ಇದ್ದು ಬಟ್ಟೆ ಹೊಲಿಯುತ್ತಿದ್ದ ಟೈಲರ್ ಅಕ್ಕ ಒಂದು ದಿನ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದಳು. ಸಕ್ಕರೆ ಕಾಯಿಲೆಗೆ ಅದುವರೆಗೆ ಮಾತ್ರೆ ನುಂಗುತ್ತಿದ್ದವಳಿಗೆ ಇಂಜೆಕ್ಷನ್ ಬರೆದುಕೊಟ್ಟಿದ್ದರು.

"ಈ ಔಸ್ತಿ ತಣ್ಣಗಿರ್ಬೇಕಂತೆ ಕಣ್ರವ್ವ. ನಮ್ಮನೇಲಿ ತಣ್ಣಗಿರೋದು ಅಂದ್ರೆ ಒಲೆ ಒಂದೇಯ," ಎಂದು ತನ್ನ ಬಡತನವನ್ನು ತಾನೇ ಆಡಿಕೊಂಡು ನಕ್ಕಳು.

ಅತ್ತೆಗೆ ಇಕ್ಕಟ್ಟು. ನೈವೇದ್ಯದ ಹಾಲು ಇಡುವ ಜಾಗದಲ್ಲಿ ಆಸ್ಪತ್ರೆ ಔಷಧಿ ಇಡುವುದು ಹೇಗೆ? ಆಮೇಲೆ ಅವರ ಕಣ್ಣು ಫ್ರಿಜ್ಜಿನ ಬಾಗಿಲಲ್ಲಿದ್ದ ಮೊಟ್ಟೆಯ ಗುಳಿಗಳ ಮೇಲೆ ಬಿತ್ತು. ಲಿಂಗ ಕಟ್ಟಿದ ಮನೆ. ಆ ಗುಳಿಗಳಿಗೆ ನಮ್ಮಲ್ಲಿ ಕೆಲಸವೇ ಇರಲಿಲ್ಲ. "ಅಲ್ಲಿ ಇಟ್ಕೋ ಹೋಗವ್ವ," ಎಂದರು. ಅಕ್ಕನ ಪುಟ್ಟ ಸೀಸೆಗಳು ಅಳತೆ ಕೊಟ್ಟು ಮಾಡಿಸಿದ ಹಾಗೆ ಅಲ್ಲಿ ಕೂತವು.

ಅಂದಿನಿಂದ ಬೆಳಗಾದರೆ ಅವಳು ನಮ್ಮ ಅಡುಗೆಮನೆಯಲ್ಲಿ. ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಊರ ಸುದ್ದಿ. ಫ್ರಿಜ್ಜಿನ ಪಕ್ಕ ನಿಂತು ಸಿರಿಂಜಿನ ಗಾಳಿ ತೆಗೆಯುವಾಗ ಒಂದೆರಡು ತೊಟ್ಟು ನೆಲಕ್ಕೆ ಬೀಳುತ್ತಿತ್ತು. "ಊರ್ನೋರ ಬಟ್ಟೆಗೆಲ್ಲ ಸೂಜಿ ಚುಚ್ಚಿದ ಪಾಪ, ಈಗ ನಂಗೇ ಸುತ್ತಿಕೊಂಡೈತೆ," ಎನ್ನುತ್ತ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದಳು. ಅತ್ತೆಯ ಮನೆಯಲ್ಲಿ ಜೋರಾಗಿ ನಗಲು ನನಗೆ ಧೈರ್ಯ ಕೊಟ್ಟವಳು ಅವಳು. ನನಗೆ ಅವಳೆಂದರೆ ತುಂಬ ಇಷ್ಟವಿತ್ತು.

ಒಂದು ಬೆಳಿಗ್ಗೆ ಸಿರಿಂಜನ್ನು ಬೆಳಕಿಗೆ ಹಿಡಿದು ಕೇಳಿದಳು. "ಅಲ್ಲ ಕಣವ್ವ, ನಾ ಉಂಡಿದೀನೋ ಇಲ್ವೋ ಅಂತ ಈ ನೀರಿಗೆ ಹೆಂಗ್ ಗೊತ್ತಾಯ್ತದೆ?"

ನಾನು ಓದಿದ್ದು ಕನ್ನಡ, ಚರಿತ್ರೆ. ನನಗೇನು ಗೊತ್ತು? ಸೂಜಿ ಹಾಕಿಕೊಳ್ಳಲು ಕಲಿಸಿದವರನ್ನೇ ಕೇಳು ಎಂದೆ. ಕೇಳಿಯೂ ಬಂದಳು. "ಅದೆಲ್ಲ ನಿಂಗ್ಯಾಕಮ್ಮ, ಒಂದು ದಿನಾನೂ ತಪ್ಪಿಸ್ಬ್ಯಾಡ ಅಷ್ಟೆ ಅಂದ್ಬುಟ್ರು," ಎಂದು ನಕ್ಕಳು. ಪ್ರಶ್ನೆ ಅಲ್ಲಿಗೇ ನಿಂತಿತು.

ಆಮೇಲೆ ಕಾರ್ತಿಕ ಬಂತು. ಕಾರ್ತಿಕ ಸೋಮವಾರ ಅಕ್ಕ ಹುಡುಗಿಯಾಗಿದ್ದಾಗಿನಿಂದ ಉಪವಾಸ. ಸಂಜೆ ಈಶ್ವರನ ಗುಡಿಯಲ್ಲಿ ದೀಪ ಹಚ್ಚುವವರೆಗೆ ಹನಿ ನೀರೂ ಇಲ್ಲ. ಆ ಬೆಳಿಗ್ಗೆ ನಾನು ಕೊಟ್ಟ ಕಾಫಿಯನ್ನು ಬೇಡವೆಂದಳು. ಸಿರಿಂಜ್ ಎತ್ತಿಕೊಂಡವಳು ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. "ತಪ್ಪಿಸ್ಬ್ಯಾಡ ಅಂದವ್ರೆ," ಎಂದು ತನಗೆ ತಾನೇ ಹೇಳಿಕೊಂಡು ಚುಚ್ಚಿಕೊಂಡಳು. ದೇವರ ಮಾತನ್ನೂ ಮೀರಲಿಲ್ಲ, ಆಸ್ಪತ್ರೆಯವರ ಮಾತನ್ನೂ ಮೀರಲಿಲ್ಲ.

ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ನಮ್ಮ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದೆವು. ನಡುವೆ ಪೂಜೆಯ ತಟ್ಟೆ: ಕಾಯಿ, ಬಾಳೆಹಣ್ಣು, ಕಲ್ಲುಸಕ್ಕರೆ. ಅಕ್ಕನ ಕೈ ನಡುಗತೊಡಗಿತು. ಕಾರ್ತಿಕದ ಚಳಿಯಲ್ಲೂ ರವಿಕೆ ಒದ್ದೆಯಾಗುವಷ್ಟು ಬೆವರಿದಳು. ಅತ್ತೆ ಏನೋ ಕೇಳಿದರೆ ಇನ್ನೇನೋ ಹೇಳಿದಳು, ಗಂಟಲು ಗೊಗ್ಗರಾಗಿ, ಅವಳದ್ದಲ್ಲದ ದನಿಯಲ್ಲಿ.

"ಮೈಮೇಲೆ ಬಂದೈತೆ," ಎಂದರು ಯಾರೋ. ಹಣೆಗೆ ವಿಭೂತಿ ಹಚ್ಚಿದರು. ಎಲ್ಲರೂ ಕೈಮುಗಿದೆವು.

"ಏನ್ ಬೇಕು ಹೇಳಪ್ಪಾ ಸ್ವಾಮಿ," ಎಂದರು ಅತ್ತೆ.

"ಹಸಿವು..." ಎಂದಳು ಅಕ್ಕ.

"ಬರೋ ಸೋಮವಾರ ಎಡೆ ಇಡ್ತೀವಿ ನನ್ನಪ್ಪಾ, ಇವತ್ತಿಗೆ ಬುಟ್ಟು ಹೋಗು," ಎಂದು ಅತ್ತೆ ಅಡ್ಡಬಿದ್ದರು.

ಸ್ವಲ್ಪ ಹೊತ್ತಿಗೆ ಅವಳು ಗೋಡೆಗೆ ಒರಗಿ ನಿದ್ದೆ ಹೋದಳು. ದೇವರು ಇಳಿದ ಮೇಲೆ ಆಯಾಸ ಇದ್ದದ್ದೇ, ಮಲಗಲಿ ಎಂದು ನಾನೇ ಕಂಬಳಿ ಹೊದಿಸಿದೆ. ಗೊತ್ತಿದ್ದೂ ಸುಮ್ಮನಿದ್ದವರು ಆ ಜಗಲಿಯಲ್ಲಿ ಒಬ್ಬರೂ ಇರಲಿಲ್ಲ, ಗೊತ್ತಿದ್ದವರೇ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎಬ್ಬಿಸಿದರೆ ಏಳಲಿಲ್ಲ. ಜೀಪಿನಲ್ಲಿ ಹಾಕಿಕೊಂಡು ಸಕಲೇಶಪುರದ ಆಸ್ಪತ್ರೆಗೆ ಓಡಿದರು. ದಾರಿಯಲ್ಲಿ ಬಾಳ್ಳುಪೇಟೆ ದಾಟುವವರೆಗೆ ಉಸಿರು ಇತ್ತಂತೆ...

ಊರಿನವರು ಪುಣ್ಯವಂತೆ ಎಂದರು. ಕಾರ್ತಿಕ ಸೋಮವಾರ, ಉಪವಾಸ, ಮೈಮೇಲೆ ಶಿವ. ನಾನೂ ಬಹಳ ಕಾಲ ಹಾಗೆಯೇ ನಂಬಿ ಸಮಾಧಾನ ಮಾಡಿಕೊಂಡಿದ್ದೆ.

ಈಗ ಆ ಕಾಯಿಲೆ ನನಗೂ ಬಂದಿದೆ. ಕಳೆದ ವರ್ಷ ಮಾತ್ರೆ ಸಾಲದೆ ಇನ್ಸುಲಿನ್ ಶುರು ಮಾಡುವಾಗ ಹಾಸನದ ಡಾಕ್ಟರಮ್ಮ, ಚಿಕ್ಕ ವಯಸ್ಸಿನವಳು, ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದಳು. ಜಠರದ ಹಿಂದೆ ಒಂದು ಗ್ರಂಥಿ, ಅದರಲ್ಲಿ ಗುಂಪುಗುಂಪಾಗಿ ಜೀವಕೋಶಗಳು. ಸ್ಟೋರಿನ ಬಾಗಿಲಲ್ಲಿ ಕಾಫಿ ಮೂಟೆ ಪೇರಿಸಿಟ್ಟ ಹಾಗೆ, ಆ ಕೋಶಗಳು ಇನ್ಸುಲಿನ್ನನ್ನು ಪುಟ್ಟ ಪುಟ್ಟ ಚೀಲಗಳಲ್ಲಿ ತುಂಬಿ ಅಂಚಿನಲ್ಲೇ ಇಟ್ಟುಕೊಂಡಿರುತ್ತವಂತೆ. ನಾವು ಉಂಡಾಗ ರಕ್ತದ ಸಕ್ಕರೆ ಕೋಶದೊಳಗೆ ಹೋಗಿ ಉರಿಯುತ್ತದೆ. ಆ ಸುಳಿವಿಗೆ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಚೀಲಗಳು ಬಾಯಿ ಬಿಚ್ಚಿ ಇನ್ಸುಲಿನ್ನನ್ನು ರಕ್ತಕ್ಕೆ ಸುರಿಯುತ್ತವೆ. ಅಕ್ಕಪಕ್ಕದ ಕೋಶಗಳಿಗೂ ಸುದ್ದಿ ಮುಟ್ಟುತ್ತದೆ. ಸಕ್ಕರೆ ಇಳಿದರೆ ಎಲ್ಲ ತಾನಾಗಿ ತಗ್ಗುತ್ತದೆ.

"ಸೂಜಿಯದ್ದು ಹಂಗಲ್ಲ ಆಂಟಿ," ಎಂದಳು. "ನೀವು ಉಂಡಿದೀರೋ ಇಲ್ವೋ ಅಂತ ಅದಕ್ಕೆ ಗೊತ್ತಾಗಲ್ಲ. ಒಳಗೆ ಹೋದ್ಮೇಲೆ ಅದರ ಪಾಡಿಗೆ ಸಕ್ಕರೆ ಇಳಿಸ್ತಾ ಇರುತ್ತೆ. ಉಪವಾಸ ಗಿಪವಾಸ ಇದ್ರೆ ಮೊದಲೇ ನನ್ನ ಕೇಳಿ. ಬೆವರು, ನಡುಕ ಬಂದ್ರೆ ತಕ್ಷಣ ಬಾಯಿಗೆ ಸಿಹಿ ಹಾಕ್ಕೊಳಿ."

ನಾನು ಅಲ್ಲೇ ಅತ್ತುಬಿಟ್ಟೆ. ಸೂಜಿಗೆ ಹೆದರಿದೆ ಎಂದುಕೊಂಡು ಪಾಪ, ಆ ಹುಡುಗಿ ಕೈ ಹಿಡಿದು ಸಮಾಧಾನ ಮಾಡಿದಳು. ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆಯೇ ಆಗಿತ್ತು. ಉತ್ತರವೂ ಎಲ್ಲೋ ಇತ್ತು. ಪಾಳ್ಯದ ನಮ್ಮ ಬೀದಿಗೆ ಅದು ಬಂದು ಮುಟ್ಟಿರಲಿಲ್ಲ, ಅಷ್ಟೆ.

ಅತ್ತೆ ಹೋಗಿ ವರ್ಷಗಳಾದವು. ಆ ಫ್ರಿಜ್ಜೂ ಗುಜರಿಗೆ ಹೋಯಿತು. ಹೊಸದರ ಬಾಗಿಲಿನ ಮೊಟ್ಟೆಯ ಗುಳಿಗಳಿಗೆ ಇವತ್ತಿಗೂ ಬೇರೆ ಕೆಲಸವಿಲ್ಲ. ನನ್ನ ಔಷಧಿ ಅಲ್ಲೇ ಇರುತ್ತದೆ. ಕಾರ್ತಿಕ ಸೋಮವಾರ ನಾನೀಗ ತಿಂಡಿ ತಿಂದೇ ಗುಡಿಗೆ ಹೋಗುತ್ತೇನೆ. ಡಾಕ್ಟರಮ್ಮ ಹೇಳಿದಂತೆ ಒಂದು ಹಿಡಿ ಕಲ್ಲುಸಕ್ಕರೆ ಸದಾ ಚೀಲದಲ್ಲಿರುತ್ತದೆ.

ಆ ದಿನವೂ ಇತ್ತು. ಅವಳ ಮೊಣಕಾಲಿಗೆ ತಾಗಿಕೊಂಡೇ ಇದ್ದ ತಟ್ಟೆಯಲ್ಲಿ, ದೇವರಿಗೆಂದು...