ಚಕ್ ಎತ್ತಲು ಇಬ್ಬರು

ಲೇತಿಗೆ ದೊಡ್ಡ ಚಕ್ ಕೂರಿಸಲು ಇಬ್ಬರು ಬೇಕು. ಕಡೆಯಬೇಕಾದ ಕಬ್ಬಿಣದ ತುಂಡನ್ನು ಕಚ್ಚಿ ಹಿಡಿಯುವ ಆ ಉಕ್ಕಿನ ಚಕ್ರ ಕೈ ಜಾರಿದರೆ ಬೆರಳು ಹೋದ ಹಾಗೇ. ನಾನು ಅದರ ತಿರುಪಿನ ಥ್ರೆಡ್‌ನಲ್ಲಿ ಸಿಕ್ಕಿದ ಕಬ್ಬಿಣದ ಚೂರು ಉಜ್ಜಿ ತೆಗೆದು, ಕೆಳಗೆ ಹಲಗೆ ಇಡುತ್ತಿದ್ದೆ. ಆಮೇಲೆ ಅಣ್ಣನೂ ನಾನೂ ಎತ್ತುತ್ತಿದ್ದೆವು. "ಹಿಡ್ಕೊಂಡಿದ್ದೀನಿ, ಬಿಡೋ" ಅನ್ನುತ್ತಿದ್ದ. ಬಿಟ್ಟುಬಿಡುತ್ತಿದ್ದೆ.

ಅವನು ಹಳೇ ಲೇತ್ ಬಿಟ್ಟು ಕಂಪ್ಯೂಟರಿನಿಂದ ನಡೆಯುವ ಮಿಷನ್ ಬೇಕೆಂದ, ನಾನು ಬೇಡವೆಂದೆ. ಹಟದಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು. ಅವನು ಚೆನ್ನೈನಲ್ಲೇ, ಶೋಳಿಂಗನಲ್ಲೂರಿನಲ್ಲಿ ಬೇರೆ ಶೆಡ್ ಹಾಕಿದ. ಈಗ ಮಾತಿಲ್ಲ, ಕತೆಯಿಲ್ಲ.

ಚಕ್ ಎತ್ತಲು ಚೈನ್ ಪುಲ್ಲಿ ಹಾಕಿಸಿದ್ದೇನೆ. ಚೆನ್ನೈನ ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ವಾರವಾರ ಎಣ್ಣೆ ಬಿಡುತ್ತೇನೆ. ಹಾಳಾದ್ದು, ಒಮ್ಮೆಯೂ ಕೈಕೊಟ್ಟಿಲ್ಲ. ಆದರೂ ಚಕ್ಕಿನಿಂದ ಕೈ ತೆಗೆಯುವ ಮುಂಚೆ ಪುಲ್ಲಿಯ ಕೊಕ್ಕೆಯನ್ನು ಎರಡೆರಡು ಸಲ ನೋಡುತ್ತೇನೆ. ಅಣ್ಣ ಬಿಡೋ ಅಂದಾಗ ಅವನ ಕೈಯನ್ನು ಯಾವತ್ತೂ ನೋಡಿದವನಲ್ಲ.